ಬೆಂಗಳೂರನ್ನು ನಡೆದು ನೋಡುವುದಾದರೆ: ಪೇಟೆಯೋ, ಗವಿಪುರವೋ, ಹಲಸೂರೋ, ಬೇಗೂರೋ?

ಊರಿನಿಂದ ಬರುವ ನೆಂಟರದ್ದು ಒಂದೇ ಪ್ರಶ್ನೆ: "ಲಾಲ್‌ಬಾಗು, ವಿಧಾನಸೌಧ ಎಲ್ಲ ನೋಡಿಯಾಯಿತು. ಒಂದು ಬೆಳಿಗ್ಗೆ ಬಿಡುವಿದೆ, ಎಲ್ಲಿಗೆ ಕರೆದುಕೊಂಡು ಹೋಗುತ್ತೀಯ?" ಹತ್ತು ವರ್ಷದಿಂದ ಇಲ್ಲೇ ಬಾಡಿಗೆ ಮನೆಯಲ್ಲಿರುವ ಸ್ನೇಹಿತರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ನಾಚಿಕೊಂಡು. ಮನೆ, ಕಚೇರಿ, ಮಾಲ್ ಈ ಮೂರರ ನಡುವೆ ಅವರ ಬೆಂಗಳೂರು ಮುಗಿದುಹೋಗಿರುತ್ತದೆ.

ನಾನು ಉತ್ತರ ಹೇಳುವ ಮೊದಲು ನಾಲ್ಕು ಪ್ರಶ್ನೆ ತಿರುಗಿ ಕೇಳುತ್ತೇನೆ. ಯಾವ ವಾರ? ಎಷ್ಟು ಗಂಟೆಗೆ ಏಳುತ್ತೀರಿ? ಜೊತೆಗೆ ಯಾರಿದ್ದಾರೆ? ಮಂಡಿ ಹೇಗಿದೆ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಈ ಊರಿನಲ್ಲಿ ಯಾವ ಜಾಗ ಚೆಂದ ಎನ್ನುವುದಕ್ಕಿಂತ ಯಾವ ಜಾಗ ಎಷ್ಟು ಹೊತ್ತಿಗೆ ಚೆಂದ ಎನ್ನುವುದೇ ಮುಖ್ಯ. ಬೆಳಿಗ್ಗೆ ಆರಕ್ಕೆ ಬೆರಗುಗೊಳಿಸುವ ಬೀದಿ ಹನ್ನೊಂದಕ್ಕೆ ಬರೀ ಬೆವರು. ಹತ್ತಕ್ಕೆ ತೆರೆದಿದ್ದ ಗುಡಿ ಹನ್ನೆರಡೂವರೆಗೆ ಬರೀ ಬೀಗ. ಈ ಬೀಗದ ಮಾತು ಅನುಭವದಿಂದ ಬಂದದ್ದು, ಮುಂದೆ ಹೇಳುತ್ತೇನೆ.

ನಾನು ಮತ್ತೆ ಮತ್ತೆ ಜನರನ್ನು ಕರೆದುಕೊಂಡು ಹೋಗುವ ನಾಲ್ಕು ನಡಿಗೆಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಡುತ್ತಿದ್ದೇನೆ. ನಾಲ್ಕೂ ಸಮವಲ್ಲ. ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದೂ ಇಲ್ಲ.

ಹಳೆಯ ಪೇಟೆ: ಬೇಗ ಏಳುವವರಿಗೆ

ಒಂದೇ ಒಂದು ಬೆಳಿಗ್ಗೆ ಇದೆ, ಐದೂವರೆಗೆ ಏಳಲು ಸಿದ್ಧ ಎಂದರೆ ಎರಡನೆಯ ಮಾತೇ ಇಲ್ಲ, ಪೇಟೆಗೆ ಹೋಗಿ. 1537ರಲ್ಲಿ ಒಂದನೆಯ ಕೆಂಪೇಗೌಡ ಕಟ್ಟಿಸಿದ ಊರು ಇದೇ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತುಗಳನ್ನು ನೇಗಿಲು ಕಟ್ಟಿ ಬಿಟ್ಟರಂತೆ, ಅವು ಗೆರೆ ಎಳೆದಲ್ಲೆಲ್ಲ ಬೀದಿಗಳಾದವಂತೆ. ಕಥೆ ನಿಜವೋ ಸುಳ್ಳೋ, ಆ ಕೂಡುರಸ್ತೆಯಲ್ಲಿ ಈಗ ಎತ್ತುಗಳಿಗೂ ಜಾಗವಿಲ್ಲ. ದೊಡ್ಡಪೇಟೆಯನ್ನೇ ಇಂದು ಅವೆನ್ಯೂ ರಸ್ತೆ ಎನ್ನುತ್ತೇವೆ.

ಮೆಟ್ರೊದ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಇಳಿದು ಮೊದಲು ಹೂವಿನ ಕಡೆ ನಡೆಯಿರಿ. ಸೇವಂತಿಗೆ, ಕನಕಾಂಬರ, ಸುಗಂಧರಾಜ ಮೂಟೆಮೂಟೆಯಾಗಿ ಇಳಿಯುತ್ತಿರುತ್ತವೆ. ಕಟ್ಟಿದ ಹೂವನ್ನು ಮಾರುವವರು ಈಗಲೂ ಮೊಳದಲ್ಲೇ ಅಳೆಯುತ್ತಾರೆ, ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಗಿಡ್ಡ ಕೈಯ ಅಜ್ಜಿಯ ಮೊಳಕ್ಕೂ ಉದ್ದ ಕೈಯ ಹುಡುಗನ ಮೊಳಕ್ಕೂ ಮೂರು ಬೆರಳಿನಷ್ಟು ವ್ಯತ್ಯಾಸ. ನಮ್ಮ ಅತ್ತೆಯೊಬ್ಬರು ಹೂವನ್ನು ನೋಡುವ ಮೊದಲು ಮಾರುವವರ ಕೈಯನ್ನು ನೋಡುತ್ತಾರೆ. ಬೆಲೆ ಒಂದೇ ಆದರೆ ಹುಡುಗನ ಬಳಿಯೇ ಕೊಳ್ಳುತ್ತಾರೆ.

ಮಾರುಕಟ್ಟೆಯ ಪಕ್ಕದಲ್ಲೇ ಕೋಟೆಯ ಉಳಿಕೆ ಇದೆ. ಕೆಂಪೇಗೌಡನ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನದಾಗಿ ಮಾಡಿಸಿದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಒಡೆದು ಒಳಗೆ ನುಗ್ಗಿತು. ಈಗ ಕಾಣುವುದು ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ ಮಾತ್ರ. ಹತ್ತು ನಿಮಿಷ ಸಾಕು. ಕೋಟೆ ನೋಡಲೆಂದೇ ಪೇಟೆಗೆ ಹೋಗುವವರಿಗೆ ನಿರಾಸೆ ಖಂಡಿತ.

ಪೇಟೆಯ ನಿಜವಾದ ರುಚಿ ಹೆಸರುಗಳಲ್ಲಿದೆ. ಅಕ್ಕಿಪೇಟೆ, ಅರಳೆಪೇಟೆ, ಉಪ್ಪಾರಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ, ತಿಗಳರಪೇಟೆ. ಯಾರು ಏನು ಮಾಡುತ್ತಿದ್ದರು ಎನ್ನುವ ಪಟ್ಟಿಯನ್ನೇ ಊರಿನ ನಕಾಶೆ ಮಾಡಿದ ಹಾಗೆ. ಅರಳೆಪೇಟೆಯನ್ನು ಇಂಗ್ಲಿಷಿನವರು ಕಾಟನ್‌ಪೇಟೆ ಮಾಡಿದರು, ಅದೇ ನಿಂತಿತು. ಕೆಲವು ಹೆಸರುಗಳು ಖಾಲಿಯಾಗಿವೆ. ಕುಂಬಾರಪೇಟೆಯಲ್ಲಿ ತಿಗರಿ ಹುಡುಕಿದರೆ ಸಿಗುವುದಿಲ್ಲ. ಕಬ್ಬನ್‌ಪೇಟೆಯ ಓಣಿಗಳಲ್ಲಿ ಮಾತ್ರ ಮನೆಯೊಳಗಿನಿಂದ ಮಗ್ಗದ ಸದ್ದು ಇನ್ನೂ ಕೇಳುತ್ತದೆ. ಬಳೇಪೇಟೆಯಲ್ಲಿ ಬಳೆಗಿಂತ ವಾದ್ಯಗಳ ಅಂಗಡಿಗಳೇ ಕಣ್ಣಿಗೆ ಬೀಳುತ್ತವೆ. ಅಲ್ಲೊಮ್ಮೆ ತಬಲ ಹದಗೊಳಿಸುವವರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಅಂಚಿಗೆ ಸುತ್ತಿಗೆಯಿಂದ ಒಂದು ಏಟು, ಬೆರಳಿನಿಂದ ಒಂದು ತಟ್ಟು, ಕಿವಿ ಓರೆ ಮಾಡಿ ಒಂದು ಕ್ಷಣ ಮೌನ, ಮತ್ತೆ ಸ್ವಲ್ಪ ತಿರುಗಿಸಿ ಇನ್ನೊಂದು ಏಟು. ಹಿಂದೆ ನಿಂತ ಸರಕಿನ ಗಾಡಿ ಹಾರ್ನ್ ಬಾರಿಸುತ್ತಲೇ ಇತ್ತು. ಆ ಗದ್ದಲದಲ್ಲಿ ಶ್ರುತಿ ಹೇಗೆ ಕೇಳುತ್ತದೆ ಎಂದು ಕೇಳಿದ್ದಕ್ಕೆ ಆತ ನಕ್ಕರು, ಅಷ್ಟೆ. ಹಸಿವಾದರೆ ಅದೇ ಬಳೇಪೇಟೆಯಲ್ಲಿ ಉಡುಪಿ ಶ್ರೀಕೃಷ್ಣ ಭವನದ ಸಾಗು ದೋಸೆ ಇದೆ.

ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಸಾಲಿನಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಅದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಹೆಸರಿನದು. ಮೈಸೂರು ಸೀಮೆಯ ಶಾಸನಗಳನ್ನು ಊರೂರು ಅಲೆದು ಕೂಡಿಹಾಕಿದ ಬಿ.ಎಲ್. ರೈಸ್ ಈ ಬೆಂಜಮಿನ್ನರ ಮಗ, ಹುಟ್ಟಿದ್ದು ಬೆಂಗಳೂರಿನಲ್ಲೇ. ಈ ಹೆಸರು ನೆನಪಿರಲಿ, ಬೇಗೂರಿಗೆ ಹೋದಾಗ ಬೇಕಾಗುತ್ತದೆ.

ನಡಿಗೆಯನ್ನು ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಲ್ಲಿ ಮುಗಿಸುವುದು ನನ್ನ ಪದ್ಧತಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದಲೇ. ಅದು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಆ ಒಂದು ರಾತ್ರಿ ಪೇಟೆಗೆ ಬಂದವರಿಗೆ ನನ್ನ ಈ ಮಾರ್ಗದರ್ಶಿಯ ಅಗತ್ಯವಿಲ್ಲ, ಜನರೇ ತಳ್ಳಿಕೊಂಡು ಹೋಗುತ್ತಾರೆ.

ಪೇಟೆಯ ದೋಷಗಳೂ ಕಡಿಮೆಯಲ್ಲ. ಕೂರಲು ಜಾಗವಿಲ್ಲ. ಕಾಲುದಾರಿ ಇರುವಲ್ಲಿ ಅದರ ಮೇಲೆ ಅಂಗಡಿ ಇರುತ್ತದೆ. ಶೌಚಾಲಯಕ್ಕೆ ಮೆಟ್ರೊ ನಿಲ್ದಾಣವನ್ನೇ ನಂಬಬೇಕು, ಆದ್ದರಿಂದ ಅಲ್ಲಿಂದ ಹೊರಡುವ ಮೊದಲೇ ಮುಗಿಸಿಕೊಳ್ಳಿ. ಎಳೆಯ ಮಕ್ಕಳ ತಳ್ಳುಗಾಡಿ ತರುವ ಯೋಚನೆಯನ್ನು ಬಿಟ್ಟುಬಿಡಿ. ಭಾನುವಾರ ದೊಡ್ಡ ಅಂಗಡಿಗಳಲ್ಲಿ ಹಲವು ಮುಚ್ಚಿರುತ್ತವೆ. ಬೀದಿಯ ಮೇಲೆ ಹಳೆಯ ಸಾಮಾನಿನ ಸಂತೆ ಹರಡಿಕೊಳ್ಳುತ್ತದೆ, ಅದು ಬೇರೆಯೇ ಮೋಜು. ವ್ಯಾಪಾರದ ಪೇಟೆ ಕಾಣಬೇಕಾದರೆ ವಾರದ ದಿನ ಬನ್ನಿ, ಒಂಬತ್ತೂವರೆಯೊಳಗೆ ಹೊರಬೀಳಿ. ಮದುವೆಯ ತಿಂಗಳುಗಳಲ್ಲಿ ಮಧ್ಯಾಹ್ನ ಚಿಕ್ಕಪೇಟೆಗೆ ಕಾಲಿಟ್ಟರೆ ನಡಿಗೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಗವಿಪುರ: ಹಿರಿಯರ ಜೊತೆ, ಮಕ್ಕಳ ಜೊತೆ

ಪೇಟೆಯ ಗದ್ದಲ ಬೇಡ, ಅಮ್ಮ ಜೊತೆಗಿದ್ದಾರೆ ಎಂದರೆ ಗವಿಪುರ. ಬಸವನಗುಡಿಯನ್ನು ಎಲ್ಲರೂ ನೋಡಿರುತ್ತಾರೆ. ದೊಡ್ಡ ಬಸವಣ್ಣ, ಕಹಳೆ ಬಂಡೆ, ಗಾಂಧಿ ಬಜಾರಿನ ದೋಸೆ ಆದ ಮೇಲೆ ಆಟೊ ಹತ್ತಿಬಿಡುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಒಂದು ಕಿಲೋಮೀಟರಿನಷ್ಟು ನಡೆದರೆ ಊರಿನ ವಯಸ್ಸೇ ಬದಲಾಗುತ್ತದೆ.

ಗವಿ ಗಂಗಾಧರೇಶ್ವರ ಗುಡಿ ಕಟ್ಟಿದ್ದಲ್ಲ, ಬಂಡೆಯ ಗವಿಯೊಳಗೆ ಹೊಕ್ಕದ್ದು. ಅಂಗಳದಲ್ಲಿ ಕಲ್ಲಿನ ಕಂಬದ ಮೇಲೆ ನಿಲ್ಲಿಸಿದ ಎರಡು ಭಾರಿ ಬಿಲ್ಲೆಗಳಿವೆ, ಸೂರ್ಯಪಾನ ಮತ್ತು ಚಂದ್ರಪಾನ. ಜೊತೆಗೆ ಕಲ್ಲಿನದೇ ತ್ರಿಶೂಲ ಮತ್ತು ಡಮರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡಲು ಸಂಕ್ರಾಂತಿಯಂದೇ ಹೋಗಬೇಕೆಂದಿಲ್ಲ ಎಂದು ನನ್ನ ಸಲಹೆ. ಅಂದು ಬೆಳಕಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ, ಟಿವಿಯಲ್ಲೇ ಚೆನ್ನಾಗಿ ತೋರಿಸುತ್ತಾರೆ. ಬೇರೆ ಯಾವುದೇ ಸೋಮವಾರವಲ್ಲದ ದಿನ ಹೋಗಿ ಗವಿಯೊಳಗಿನ ಪ್ರದಕ್ಷಿಣೆಯನ್ನು ನಿಧಾನವಾಗಿ ಮಾಡಿ. ಬಂಡೆ ಎಷ್ಟು ತಗ್ಗಿದೆಯೆಂದರೆ ದೊಡ್ಡವರು ಸೊಂಟ ಬಾಗಿಸಿಯೇ ಹೋಗಬೇಕು. ಐದು ವರ್ಷದ ಮಕ್ಕಳು ನೆಟ್ಟಗೆ ನಡೆದು ಹೊರಗೆ ಬಂದು ನಮ್ಮನ್ನು ನೋಡಿ ನಗುತ್ತಾರೆ. ಬೆನ್ನುನೋವಿನವರು ಹೊರಗೆ ಕುಳಿತರೂ ನಷ್ಟವಿಲ್ಲ, ಅಂಗಳವೇ ಚೆಂದ.

ಅಲ್ಲಿಂದ ಕೆಂಪಾಂಬುಧಿ ಕೆರೆಯ ದಂಡೆಗೆ ಬನ್ನಿ. ಊರಿನ ಎಲ್ಲೆ ಎಂದು ಹೇಳುವ ನಾಲ್ಕು ಕೆಂಪೇಗೌಡ ಗೋಪುರಗಳಲ್ಲಿ ಒಂದು ಇಲ್ಲಿದೆ. ಉಳಿದವು ಲಾಲ್‌ಬಾಗಿನ ಬಂಡೆ, ಹಲಸೂರು ಕೆರೆ, ಮೇಖ್ರಿ ವೃತ್ತ. ಲಾಲ್‌ಬಾಗಿನ ಗೋಪುರದ ಮುಂದೆ ಚಿತ್ರ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ, ಇದರ ಮುಂದೆ ಬಹುಪಾಲು ಯಾರೂ ಇರುವುದಿಲ್ಲ. ಕೆರೆಯ ವಾಸನೆಯನ್ನು ಕೆಲವು ದಿನ ಸಹಿಸಿಕೊಳ್ಳಬೇಕಾಗುತ್ತದೆ. ಆದರೂ ಇಲ್ಲಿ ನಿಂತರೆ ಒಂದು ಲೆಕ್ಕ ತಲೆಗೆ ಹೊಳೆಯುತ್ತದೆ: ಈ ಗೋಪುರದಿಂದ ಪೇಟೆಯ ನಡುವಿಗೆ ಆರಾಮಾಗಿ ನಡೆದು ಹೋಗಬಹುದು. ಎಲ್ಲೆಯಾಗಿದ್ದ ಜಾಗವನ್ನು ಇಂದು ನಾವು ಊರಿನ ಹೃದಯ ಎನ್ನುತ್ತೇವೆ.

ನೆರಳು, ಕಾಫಿ, ಕೂರುವ ಕಟ್ಟೆ ಮೂರರಲ್ಲೂ ಗವಿಪುರ ಪೇಟೆಗಿಂತ ಮೇಲು. ಬೆರಗಿನಲ್ಲಿ ಒಂದು ಕೈ ಕಡಿಮೆ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿನ ಮೂಲಕವೇ ನಡೆದು ಹೋಗಬಹುದು. 1943ರಿಂದ ಇರುವ ದೋಸೆ ಹೋಟೆಲು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಇದನ್ನು ಮರೆತು ನೆಂಟರನ್ನು ಬಾಗಿಲವರೆಗೆ ಕರೆದೊಯ್ದು ಪೆಚ್ಚಾದವರಲ್ಲಿ ನಾನೂ ಒಬ್ಬ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ಕಡಲೆಕಾಯಿ ಪರಿಷೆ ಇರುತ್ತದೆ. ಪರಿಷೆ ಬೇಕಿದ್ದರೆ ಆಗಲೇ ಬನ್ನಿ, ಗವಿಪುರದ ಶಾಂತಿ ಬೇಕಿದ್ದರೆ ಆ ವಾರ ಬಿಟ್ಟು ಬನ್ನಿ.

ಹಲಸೂರು: ಕಿವಿ ತೆರೆದಿಟ್ಟು ನಡೆಯುವವರಿಗೆ

ನೇರಳೆ ಮಾರ್ಗದ ಹಲಸೂರು ನಿಲ್ದಾಣದಿಂದ ಸೋಮೇಶ್ವರ ಗುಡಿ ಕೆಲವೇ ನಿಮಿಷದ ದಾರಿ. ಎಂ.ಜಿ. ರಸ್ತೆಗೆ ವಾರವಾರ ಬರುವವರಲ್ಲಿ ಎಷ್ಟೋ ಮಂದಿಗೆ ಎರಡು ನಿಲ್ದಾಣ ಮುಂದೆ ವಿಜಯನಗರದ ಕಾಲದ ಶೈಲಿಯ ಗೋಪುರವೊಂದಿದೆ ಎಂಬುದೇ ಗೊತ್ತಿಲ್ಲ. ದಂಡುಪ್ರದೇಶ 1800ರ ದಶಕದ್ದು, ಗುಡಿ ಅದಕ್ಕಿಂತ ಎಷ್ಟೋ ಹಳೆಯದು. ಸೈನ್ಯ ಬಂದು ಸುತ್ತುವರಿಯುವ ಮೊದಲೇ ಹಲಸೂರು ಹಳ್ಳಿಯಾಗಿತ್ತು, ಕೆರೆಯಿತ್ತು. ಗೋಡೆಯ ಮೇಲೆ ಗಿರಿಜಾ ಕಲ್ಯಾಣದ ಮೆರವಣಿಗೆ, ಕೈಲಾಸ ಎತ್ತುವ ರಾವಣ. ಮಕ್ಕಳಿಗೆ ರಾವಣನ ತಲೆ ಎಣಿಸಲು ಹೇಳಿ ನೀವು ಹತ್ತು ನಿಮಿಷ ತಣ್ಣಗೆ ಕುಳಿತುಕೊಳ್ಳಬಹುದು.

ಆಮೇಲೆ ಬಜಾರಿನ ಬೀದಿಗಳಿಗೆ ಇಳಿಯಿರಿ. ಇಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು. ತರಕಾರಿಯವರು ತಮಿಳಿನಲ್ಲಿ ಶುರು ಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ತಿರುಗಿ, ಪಕ್ಕದ ಮಾಂಸದಂಗಡಿಯವರಿಗೆ ಉರ್ದುವಿನಲ್ಲಿ ಚಿಲ್ಲರೆ ಕೇಳಿ, ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪೇಟೆಯ ಕನ್ನಡವೇ ಬೇರೆ, ಇಲ್ಲಿಯ ಕನ್ನಡವೇ ಬೇರೆ. ಎರಡನ್ನೂ ಒಂದೇ ವಾರದಲ್ಲಿ ಕೇಳಿದರೆ ಈ ಊರು ಎರಡು ಊರುಗಳಾಗಿ ಬೆಳೆದದ್ದು ಕಿವಿಗೇ ಗೊತ್ತಾಗುತ್ತದೆ. ಕೆರೆಯ ಕಡೆಗೆ ನಡೆದರೆ ಗುರುದ್ವಾರ ಸಿಗುತ್ತದೆ. ಕೆರೆಯ ಸುತ್ತ ಸೈನ್ಯದ ಜಾಗವೂ ಇದೆ, ಅಲ್ಲಿ ಚಿತ್ರ ತೆಗೆಯಲು ಹೋಗಬೇಡಿ.

ಶಕ್ತಿಯಿದ್ದರೆ ಇದಕ್ಕೆ ಶಿವಾಜಿನಗರವನ್ನೂ ಸೇರಿಸಬಹುದು: 1927ರ ರಸೆಲ್ ಮಾರುಕಟ್ಟೆ, ಅದರ ಎದುರಿಗೆ ಸಂತ ಮೇರಿಯ ಬೆಸಿಲಿಕಾ. ಸೆಪ್ಟೆಂಬರ್ 8ರ ಹಬ್ಬದ ಹೊತ್ತಿಗೆ ಕೇಸರಿ ಸೀರೆಗಳ ಸಾಗರ. ನನಗೆ ಮಾತ್ರ ಎರಡನ್ನೂ ಒಂದೇ ದಿನ ಮಾಡುವುದು ಇಷ್ಟವಿಲ್ಲ. ನಡುವಿನ ದಾರಿಯಲ್ಲಿ ವಾಹನಗಳ ಹೊಗೆಯೇ ಹೆಚ್ಚು, ಕಾಲು ಸೋಲುವುದಕ್ಕಿಂತ ಮೊದಲು ಮನಸ್ಸು ಸೋಲುತ್ತದೆ.

ತಡವಾಗಿ ಏಳುವವರಿಗೆ ನಾಲ್ಕರಲ್ಲಿ ಇದೇ ಸರಿ. ಸಂಜೆ ಐದಕ್ಕೆ ಗುಡಿ ತೆರೆದ ಮೇಲೆ ಹೊರಟರೆ ಬಜಾರಿಗೆ ದೀಪ ಹತ್ತುವ ಹೊತ್ತಿಗೆ ಅದರ ನಡುವೆ ಇರುತ್ತೀರಿ. ಏಪ್ರಿಲ್, ಮೇ ಸಂಜೆಗಳಲ್ಲಿ ಕೊಡೆ ಇರಲಿ. ಬೆಂಗಳೂರಿನ ಬೇಸಿಗೆ ಮಳೆ ಹೇಳದೆ ಕೇಳದೆ ಬರುವುದು ಸಂಜೆಗೇ.

ಪಟ್ಟಿಗೆ ಸೇರದವು

ಮಲ್ಲೇಶ್ವರ ಏಕಿಲ್ಲ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕು ನೋಡಿ ಹಾಕಿದ ಬಡಾವಣೆ ಅದು, ನಡೆಯಲೆಂದೇ ಅಳೆದ ಹಾಗಿದೆ. ಕಾಡು ಮಲ್ಲೇಶ್ವರನ ಗುಡಿಯ ಬಳಿ 1669ರ ವೆಂಕೋಜಿಯ ಶಾಸನವಿದೆ, ಆತ ಶಿವಾಜಿಯ ಮಲತಮ್ಮ. ಎಲ್ಲ ಸರಿ. ಆದರೆ ಅಲ್ಲಿಗೆ ಕರೆದುಕೊಂಡು ಹೋಗಲು ನಾನು ಬೇಕಿಲ್ಲ, ಬೆಣ್ಣೆದೋಸೆಯೇ ಸಾಕು. ಇನ್ನು ವೈಟ್‌ಫೀಲ್ಡಿನ ಇನ್ನರ್ ಸರ್ಕಲ್, 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆಂದು ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಎದ್ದ ಹಳ್ಳಿಯ ಉಳಿಕೆ. ಅಲ್ಲೇ ಕೆಲಸ ಮಾಡುವವರು ಊಟದ ಬಿಡುವಿನಲ್ಲಿ ಒಂದು ಸುತ್ತು ಹಾಕಬಹುದು. ಅದಕ್ಕೆಂದೇ ಊರಿನ ಈ ತುದಿಯಿಂದ ಹೋಗುವಷ್ಟು ಈಗ ಏನೂ ಉಳಿದಿಲ್ಲ.

ಬೇಗೂರು: ನನ್ನ ಪಕ್ಷಪಾತ

ನಡಿಗೆ ಎಂಬ ಲೆಕ್ಕದಲ್ಲಿ ಬೇಗೂರು ನಾಲ್ಕರಲ್ಲೂ ಕಡೆಯದು. ದೂರ. ಹಳದಿ ಮಾರ್ಗ ಬಂದ ಮೇಲೆ ಬೊಮ್ಮನಹಳ್ಳಿ ಅಥವಾ ಹೊಂಗಸಂದ್ರದವರೆಗೆ ಮೆಟ್ರೊದಲ್ಲಿ ಹೋಗಿ ಅಲ್ಲಿಂದ ಬಸ್ಸೋ ಆಟೊವೋ ಹಿಡಿಯಬಹುದು, ಆದರೂ ಬೇಗೂರು ರಸ್ತೆಯ ದೂಳು ತಪ್ಪುವುದಿಲ್ಲ. ನಡೆಯಬಹುದಾದ ಬೀದಿಗಳು ಕಡಿಮೆ, ನೆರಳು ಇನ್ನೂ ಕಡಿಮೆ, ತಿನ್ನಲು ವಿಶೇಷವೇನೂ ಇಲ್ಲ. ದೂರದಿಂದ ಕಾಣುವ ಗೋಪುರಗಳು ಹೊಸವು. ಮೊದಲ ಸಲ ಬಂದವರು "ಇದಕ್ಕಾ ಇಷ್ಟು ದೂರ?" ಎನ್ನುವ ಮುಖ ಮಾಡುತ್ತಾರೆ.

ಒಳಗೆ ಹೋದರೆ ಪಂಚಲಿಂಗೇಶ್ವರ ಎಂದು ಕರೆಯುವ ಗುಡಿಗಳ ಗುಂಪು. ಅವುಗಳಲ್ಲಿ ನಾಗೇಶ್ವರ ಗಂಗರ ಕಾಲದ್ದು, ಛಾವಣಿಯಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಕತ್ತು ನೋಯುವವರೆಗೂ ನೋಡಬಹುದು. ನಾನು ಬರುವುದು ಮಾತ್ರ ಒಂದು ಕಲ್ಲಿಗಾಗಿ. ಗುಡಿಯ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ 'ಬೆಂಗಳೂರ ಕಾಳಗ'ದ ಮಾತು ಬರುತ್ತದೆ. ಆ ಕಾಳಗದಲ್ಲಿ ನಾಗತ್ತರನೆಂಬ ಒಡೆಯನ ಮನೆಯವನೊಬ್ಬ ಸತ್ತ. 1915ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಇದನ್ನು ಬೆಳಕಿಗೆ ತಂದರು. ರೈಸ್ ಹಿಡಿದ ಕೆಲಸವನ್ನು ಮುಂದುವರಿಸಿದವರು ಅವರೇ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನಕ್ಕಿಂತ ಹೆಚ್ಚು ಕಾಲವಿದ್ದಾಗಲೇ ಈ ಕಲ್ಲು ಬೆಂಗಳೂರು ಎಂದು ಹೇಳಿ ಮುಗಿಸಿತ್ತು. ಕೆಂಪೇಗೌಡನ ಪೇಟೆಗೆ ಇನ್ನೂ ಆರೂವರೆ ಶತಮಾನ.

ಬೇಗೂರಿನದೇ ಇನ್ನೊಂದು ವೀರಗಲ್ಲು, ಆನೆ ಕುದುರೆಗಳ ಕಾಳಗ ಕಿಕ್ಕಿರಿದದ್ದು, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ದೂರ ಹೋಗಲಾಗದವರು ಅದನ್ನಾದರೂ ನೋಡಬಹುದು. ಶಾಸನದ ರುಚಿ ಹತ್ತಿದವರಿಗೆ ಊರಿನ ಆ ತುದಿಯಲ್ಲಿ ಹೆಬ್ಬಾಳದ ಕಿತ್ತಯ್ಯನ ಕಲ್ಲೂ ಇದೆ, ಸುಮಾರು ಕ್ರಿ.ಶ. 750ರದು, ಕಣ್ಣಿಗೆ ಬಿದ್ದದ್ದು 2018ರಲ್ಲಿ.

ಬೀಗದ ಕಥೆ ಇಲ್ಲಿಯದೇ. ಮೊದಲ ಸಲ ನಾನು ಬೇಗೂರಿಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಬಾಗಿಲು ಹಾಕಿತ್ತು, ಎಳನೀರು ಕುಡಿದು ವಾಪಸು ಹೋದೆ. ಎರಡನೆಯ ಸಲ ಹನ್ನೊಂದಕ್ಕೆ ಬಂದೆ. ಬಾಗಿಲು ತೆರೆದಿತ್ತು, ಕಲ್ಲು ಎದುರಿಗೇ ಇತ್ತು, ಒಂದಕ್ಷರವೂ ಕಾಣಲಿಲ್ಲ. ಬಿಸಿಲು ನೆತ್ತಿಯ ಹತ್ತಿರ ಬಂದಾಗ ಸವೆದ ಅಕ್ಷರಗಳಿಗೆ ನೆರಳೇ ಇರುವುದಿಲ್ಲ, ಕಲ್ಲು ಬರೀ ಕಲ್ಲಾಗಿ ನಿಲ್ಲುತ್ತದೆ. ಕೆಲವರು ಸೀಮೆಸುಣ್ಣ ತಿಕ್ಕುತ್ತಾರೆ, ದಯವಿಟ್ಟು ಬೇಡ. ಮೂರನೆಯ ಸಲ ಬೆಳಿಗ್ಗೆ ಏಳೂವರೆಗೆ ಮೊಬೈಲಿನಲ್ಲಿ ಶಾಸನದ ಪಾಠವನ್ನು ಇಟ್ಟುಕೊಂಡು ಬಂದೆ. ಮೊಬೈಲಿನ ದೀಪವನ್ನೇ ಕಲ್ಲಿನ ಪಕ್ಕಕ್ಕೆ ಓರೆಯಾಗಿ ಹಿಡಿದೆ. ಹಳಗನ್ನಡದ ದುಂಡು ಅಕ್ಷರಗಳು ಒಂದೊಂದಾಗಿ ಮೇಲೆದ್ದವು. 'ಳ'ವೆಂದು ಊಹಿಸಿದ್ದು ಬೇರೇನೋ ಆಗಿತ್ತು. ಹೂವಿನ ಬುಟ್ಟಿ ಹಿಡಿದು ಗುಡಿಗೆ ಬಂದಿದ್ದ ಹೆಂಗಸೊಬ್ಬರು ನಿಂತು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ನಮ್ಮೂರಿನ ಹೆಸರು ಎಂದೆ. ಅವರು ಬುಟ್ಟಿ ಕೆಳಗಿಟ್ಟು, ದೀಪವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀವು ಓದಿ, ನಾನು ಹಿಡಿಯುತ್ತೇನೆ" ಎಂದರು.